ಮಾಗಡಿ ಕೆರೆಯ ಹೆಬ್ಬಾತು: ಕ್ಯಾಮೆರಾ ಎತ್ತುವ ಮೊದಲು ಗಾಳಿ ನೋಡಿ

ಚಳಿ ಶುರುವಾಗುತ್ತಿದ್ದಂತೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಗೀರುತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಅತಿಥಿಗಳು ಇವು. ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ ಈ ಕೆರೆಯೂ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿತು. ಡಿಸೆಂಬರ್, ಜನವರಿ ಇಲ್ಲಿ ಫೋಟೊ ತೆಗೆಯಲು ಒಳ್ಳೆಯ ಕಾಲ. ಬೆಂಗಳೂರಿನ ಹತ್ತಿರ ಇನ್ನೊಂದು ಮಾಗಡಿ ಇರುವುದರಿಂದ ಮೊಬೈಲ್ ನಕ್ಷೆಯಲ್ಲಿ ಗದಗ ಎಂದು ಸೇರಿಸಿಯೇ ಹುಡುಕಿ.

ನಿಲ್ಲುವ ಜಾಗ

ಹೊಸಬರು ಮೊದಲು ಕೇಳುವುದು ಲೆನ್ಸ್ ಯಾವುದು ಬೇಕೆಂದು. ನನ್ನನ್ನು ಕೇಳಿದರೆ, ಮೊದಲು ತಿಳಿಯಬೇಕಾದದ್ದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು. ಬಾತುಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಚಳಿಗಾಲದಲ್ಲಿ ಈ ಸೀಮೆಯಲ್ಲಿ ಹೆಚ್ಚಾಗಿ ಬೀಸುವುದು ಮೂಡಗಾಳಿ. ಬೆಳಗಿನ ಸೂರ್ಯನೂ ಮೂಡಣದಲ್ಲೇ. ಹಾಗಾಗಿ ಬೆಳಿಗ್ಗೆ ಪೂರ್ವದ ಕಡೆ ನಿಂತರೆ ಬೆಳಕು, ಗಾಳಿ ಎರಡೂ ನಿಮ್ಮ ಬೆನ್ನಿಗೆ. ಇಳಿಯುವ ಹಕ್ಕಿ ರೆಕ್ಕೆ ಅಗಲಿಸಿ, ಕಾಲು ಮುಂಚಾಚಿ, ಬೆಳಕು ತುಂಬಿದ ಮುಖದೊಂದಿಗೆ ನಿಮ್ಮತ್ತಲೇ ಬರುತ್ತದೆ. ಸಂಜೆ ಈ ಲೆಕ್ಕ ತಲೆಕೆಳಗಾಗುತ್ತದೆ: ಬೆಳಕಿಗಾಗಿ ಪಡುವಣಕ್ಕೆ ಹೋದರೆ ಸಿಗುವುದು ಬಾಲದ ಚಿತ್ರ. ಗಾಳಿಯ ದಿಕ್ಕು ಗೊತ್ತಾಗದಿದ್ದರೆ ದಂಡೆಯಲ್ಲಿ ಸುಮ್ಮನೆ ನಿಂತಿರುವ ಹಿಂಡನ್ನು ನೋಡಿ. ಬಹುಪಾಲು ಹಕ್ಕಿಗಳು ಗಾಳಿಗೆ ಮುಖ ಮಾಡಿರುತ್ತವೆ.

ಬೆಳಿಗ್ಗೆಯೇ ಬರಲು ಇನ್ನೂ ಎರಡು ಕಾರಣಗಳಿವೆ. ಹೆಬ್ಬಾತುಗಳು ಹಗಲಿನ ಬಹುಪಾಲು ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾಗುವ ಹೊತ್ತಿಗೆ ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಮೇಯಲು ಹೋಗುತ್ತವೆ. ಮೇದು ಮರಳುವ ಗುಂಪುಗಳು ಸಿಗುವುದು ಬೆಳಗಿನಲ್ಲಿ. ಎರಡನೆಯದು ಬಿಸಿಲು. ಹೊತ್ತೇರಿದಂತೆ ನೀರು, ನೆಲದ ಮೇಲಿನ ಗಾಳಿ ಕಾದು ನಡುಗತೊಡಗುತ್ತದೆ. ಆಗ ದೂರದ ಹಕ್ಕಿಯನ್ನು ಎಷ್ಟೇ ದುಬಾರಿ ಲೆನ್ಸ್ ಹಾಕಿ ತೆಗೆದರೂ ಗರಿಗಳು ಕಲಸಿಕೊಂಡಂತೆ ಕಾಣುತ್ತವೆ. ಅದು ಕ್ಯಾಮೆರಾದ ದೋಷವಲ್ಲ.

ಹತ್ತಿರವಾಗುವ ಬಗೆ

ನಿಂತು ತೆಗೆದರೆ ಹಕ್ಕಿಯ ಬೆನ್ನು, ಅದರ ಹಿಂದೆ ಬರೀ ನೀರು. ಕುಳಿತರೆ, ಸಾಧ್ಯವಾದರೆ ಮಲಗಿದರೆ, ಲೆನ್ಸು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಹಿನ್ನೆಲೆ ದೂರ ಸರಿದು ಮಸುಕಾಗುತ್ತದೆ. ಕೂತ ಮನುಷ್ಯನಿಗೆ ಹಕ್ಕಿಗಳೂ ಕಡಿಮೆ ಹೆದರುತ್ತವೆ. ಕಾರು ನಿಲ್ಲಿಸಲು ಬಿಟ್ಟಿರುವ ಜಾಗದಿಂದ ಹಕ್ಕಿ ಕಾಣುತ್ತಿದ್ದರೆ ಇಳಿಯಲೇಬೇಡಿ. ಎಂಜಿನ್ ಆರಿಸಿ, ಜೋಳ ತುಂಬಿದ ಬಟ್ಟೆಚೀಲವನ್ನು ಕಿಟಕಿಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಒರಗಿಸಿ.

ಹಕ್ಕಿಯ ಕತ್ತನ್ನು ಗಮನಿಸುತ್ತಿರಿ. ಮೇಯುತ್ತಿದ್ದದ್ದು ಮೇವು ನಿಲ್ಲಿಸಿ ಕತ್ತು ನೆಟ್ಟಗೆ ಮಾಡಿತೇ? ಅಲ್ಲಿಗೇ ನಿಲ್ಲಿ. ಪಕ್ಕದವೂ ಕತ್ತೆತ್ತಿ ಒಟ್ಟಾಗಿ ದೂರ ನಡೆಯತೊಡಗಿದರೆ ನೀವು ಮಿತಿ ದಾಟಿದ್ದೀರಿ, ಮೆಲ್ಲನೆ ಹಿಂದೆ ಸರಿಯಿರಿ. ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟುವುದು, ಕಲ್ಲು ಎಸೆಯುವುದು ಕ್ರೌರ್ಯ. ವಾಪಸು ಹಿಮಾಲಯ ದಾಟಲು ಅವು ಇಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಸುಮ್ಮನೆ ಎಬ್ಬಿಸಿದಾಗಲೆಲ್ಲ ಅದು ಖರ್ಚಾಗುತ್ತದೆ. ಡ್ರೋನ್ ಬೇಡವೇ ಬೇಡ. ಹೊಲಕ್ಕೆ ಇಳಿಯುವ ಮುನ್ನ ಹೊಲದವರನ್ನು ಕೇಳಿ. ಹೆಬ್ಬಾತು ಮೇದದ್ದು ಅವರದೇ ಬೆಳೆ, ನಾವು ತುಳಿದು ಇನ್ನಷ್ಟು ಹಾಳು ಮಾಡಬಾರದು. ‘ಯಜಮಾನ್ರ, ಬದುವಿನ ಮ್ಯಾಲ ಕುಂತು ಫೋಟೊ ತಕ್ಕೊಳ್ಳಲೇನ್ರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಹಕ್ಕಿಗಳು ನಿನ್ನೆ ಎಲ್ಲಿ ಇಳಿದಿದ್ದವೆಂಬುದನ್ನೂ ಅವರೇ ಹೇಳುತ್ತಾರೆ.

ಕ್ಯಾಮೆರಾದ ಸೆಟ್ಟಿಂಗ್

ಈಜುವ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡ್ ಸಾಕು. ಹಾರುವುದಕ್ಕೆ 1/2000 ಇಡಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 5.6ರಿಂದ ಎಫ್ 8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಆಟೊ, ಫೋಕಸ್ ನಿರಂತರ ಮೋಡ್‌ನಲ್ಲಿ. ಫೋಕಸ್ ಬಿಂದು ಕಣ್ಣಿನ ಮೇಲಿರಲಿ.

ಕಷ್ಟವಿರುವುದು ಎಕ್ಸ್‌ಪೋಷರ್‌ನಲ್ಲಿ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕೆಂಬುದರಲ್ಲಿ. ಗೀರುತಲೆ ಹೆಬ್ಬಾತಿನ ತಲೆ ಬಿಳಿ, ಅದರ ಮೇಲೆ ಎರಡು ಕಪ್ಪು ಗೀರು. ಹಿಂದೆ ನೀರು ಕಪ್ಪಾಗಿದ್ದರೆ ಕ್ಯಾಮೆರಾ ಚಿತ್ರವನ್ನು ಬೆಳಗಿಸಲು ಹೋಗಿ ಆ ಬಿಳಿಯನ್ನು ಸುಟ್ಟುಬಿಡುತ್ತದೆ. ಆಗ ಎಕ್ಸ್‌ಪೋಷರ್ ಅರ್ಧ ಸ್ಟಾಪಿನಷ್ಟು ಇಳಿಸಿ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು, ಇಳಿಸಿದರೆ ಅರ್ಧ). ಬೆಳ್ಳಗಿನ ಆಕಾಶದ ಎದುರು ಹಾರುವಾಗ ಒಂದು ಸ್ಟಾಪ್ ಏರಿಸಿ, ಇಲ್ಲದಿದ್ದರೆ ಹೊಟ್ಟೆ ಮಸಿಯಾಗುತ್ತದೆ. ಪಕ್ಕದಲ್ಲೇ ನಾಮದ ಕೋಳಿ ಈಜುತ್ತಿದ್ದರೆ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಹಕ್ಕಿ ಇಲ್ಲ: ಮೈಯೆಲ್ಲ ಕಪ್ಪು, ಹಣೆ, ಕೊಕ್ಕು ಮಾತ್ರ ಬಿಳಿ. ಹಣೆ ಸುಡದಂತೆ, ಕಪ್ಪಿನೊಳಗಿನ ಗರಿಯೂ ಕಾಣುವಂತೆ ತೆಗೆಯಲು ಬಂದರೆ ಉಳಿದ ಹಕ್ಕಿಗಳು ಸುಲಭ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆದಿಟ್ಟರೆ ಆಮೇಲೆ ಸ್ವಲ್ಪ ತಿದ್ದಬಹುದು. ಆದರೆ ಪೂರ್ತಿ ಸುಟ್ಟ ಬಿಳಿ ಯಾವ ಸಾಫ್ಟ್‌ವೇರ್‌ನಿಂದಲೂ ಮರಳುವುದಿಲ್ಲ.

400 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಇದ್ದರೆ ಒಂಟಿ ಹಕ್ಕಿಯ ಚಿತ್ರ ಸಿಗುತ್ತದೆ. 70-300 ಎಂಎಂ ಲೆನ್ಸ್ ಮಾತ್ರ ಇದ್ದರೆ ಒಂಟಿ ಹಕ್ಕಿಯ ಆಸೆ ಬಿಟ್ಟು ಹಿಂಡು, ಕೆರೆ, ಆಕಾಶ ಮೂರನ್ನೂ ಸೇರಿಸಿ. ಅಂಥ ಚಿತ್ರಗಳೇ ನನಗೆ ಹೆಚ್ಚು ಇಷ್ಟ, ಹಕ್ಕಿ ಎಲ್ಲಿ ಬದುಕುತ್ತಿದೆ ಎಂಬುದು ಅವುಗಳಲ್ಲಿ ಕಾಣುತ್ತದೆ.

ಕತ್ತಿನ ಪಟ್ಟಿ ಕಂಡರೆ

ಕೆಲವು ಹೆಬ್ಬಾತುಗಳ ಕತ್ತಿನಲ್ಲಿ ಅಕ್ಷರ, ಅಂಕಿ ಬರೆದ ಬಣ್ಣದ ಪಟ್ಟಿ ಇರುತ್ತದೆ. ವಲಸೆಯ ಅಧ್ಯಯನಕ್ಕಾಗಿ ಸಂಶೋಧಕರು ತೊಡಿಸಿದ್ದು ಅದು. ಮಂಗೋಲಿಯಾದಲ್ಲಿ ಹೀಗೆ ಪಟ್ಟಿ ತೊಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಅಂಥದ್ದು ಸಿಕ್ಕರೆ ಚೆಂದದ ಚೌಕಟ್ಟು ಮರೆತು ಬಿಡಿ. ಹಕ್ಕಿ ತಿರುಗಿದಂತೆಲ್ಲ ತೆಗೆಯುತ್ತಾ ಹೋಗಿ, ಅಕ್ಷರ, ಅಂಕಿ ಎಲ್ಲವೂ ಓದಲು ಬರುವ ಒಂದು ಚಿತ್ರವಾದರೂ ಇರಲಿ. ಪಟ್ಟಿಯ ಬಣ್ಣ, ಸಂಕೇತ, ದಿನಾಂಕ, ಕೆರೆಯ ಹೆಸರನ್ನು ಫೋಟೊ ಜೊತೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಸ್ಥಳದಲ್ಲಿರುವ ಅರಣ್ಯ ಇಲಾಖೆ ಸಿಬ್ಬಂದಿಗೂ ಆಗಲೇ ತೋರಿಸಿ.