ತೂಕ ಇಳಿಸಲು ನಾನು ಇಟ್ಟುಕೊಂಡ ಕ್ಯಾಲೊರಿ ಲೆಕ್ಕ

ವ್ಯಾಯಾಮದಲ್ಲಿ ಇಷ್ಟು ಕ್ಯಾಲೊರಿ ಕರಗಿತು ಎಂದು ಸ್ಮಾರ್ಟ್‌ವಾಚ್ ತೋರಿಸುತ್ತದಲ್ಲ, ಆ ಅಂಕಿಯನ್ನು ನಾನು ಊಟದ ಲೆಕ್ಕಕ್ಕೆ ತರುವುದೇ ಇಲ್ಲ. ತೂಕ ಇಳಿಯಲು ಬೇಕಾದ ಕ್ಯಾಲೊರಿ ಕೊರತೆಯ (ಖರ್ಚಿಗಿಂತ ಕಡಿಮೆ ತಿನ್ನುವುದರ) ಬಹುಪಾಲನ್ನು ತಟ್ಟೆಯಲ್ಲೇ ಮಾಡಿಕೊಳ್ಳುತ್ತೇನೆ. ವ್ಯಾಯಾಮದ ಕೆಲಸ ಬೇರೆ: ಸ್ನಾಯು ಉಳಿಸುವುದು, ದಿನದ ಕ್ಯಾಲೊರಿ ಖರ್ಚು ಕುಸಿಯದಂತೆ ನೋಡಿಕೊಳ್ಳುವುದು. ಎರಡನ್ನೂ ಕಲಸಿಬಿಟ್ಟರೆ ತೂಕ ನಿಂತಾಗ ತಪ್ಪು ಎಲ್ಲಿದೆ ಎಂದು ಗೊತ್ತೇ ಆಗುವುದಿಲ್ಲ.

ಶುರುವಿಗೆ ಒಂದು ಅಂದಾಜು ಬೇಕು. ಅದಕ್ಕೆ 1990ರಲ್ಲಿ ಪ್ರಕಟವಾದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಸಾಕು. ಕೆಜಿಯಲ್ಲಿ ತೂಕವನ್ನು 10ರಿಂದ, ಸೆಂಟಿಮೀಟರಿನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಕೂಡಿ. ವಯಸ್ಸನ್ನು 5ರಿಂದ ಗುಣಿಸಿ ಅದರಿಂದ ಕಳೆಯಿರಿ. ಗಂಡಸರಾದರೆ 5 ಸೇರಿಸಿ, ಹೆಂಗಸರಾದರೆ 161 ಕಳೆಯಿರಿ. 78 ಕೆಜಿ ತೂಕ, 165 ಸೆಂ.ಮೀ. ಎತ್ತರದ 40 ವರ್ಷದ ಮಹಿಳೆಗೆ ಸುಮಾರು 1,450 ಬರುತ್ತದೆ. ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಕ್ಯಾಲೊರಿ ಇದು. ಕೂತು ಕೆಲಸ ಮಾಡುವವರು ಇದನ್ನು 1.2ರಿಂದ, ವಾರಕ್ಕೆ ಕೆಲವು ದಿನ ಹಗುರ ವ್ಯಾಯಾಮ ಮಾಡುವವರು 1.375ರಿಂದ ಗುಣಿಸಬೇಕು. ಎರಡನೆಯದನ್ನು ಹಿಡಿದರೆ ದಿನದ ಖರ್ಚು ಸುಮಾರು 1,990. ಅದರಲ್ಲಿ 400 ಕಳೆದು 1,600ರ ಹತ್ತಿರ ಊಟ ಇಟ್ಟುಕೊಳ್ಳಬಹುದು. ಒಂದು ಕೆಜಿ ದೇಹದ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂಬ ಲೆಕ್ಕದಲ್ಲಿ ವಾರಕ್ಕೆ 350 ಗ್ರಾಂ ಚಿಲ್ಲರೆ ಇಳಿಯಬೇಕು. ನಿಧಾನ ಅನ್ನಿಸುತ್ತದೆ, ಆದರೆ ಹಸಿವು ಹಿಡಿತದಲ್ಲಿ ಇರುವ ವೇಗ ಇದೇ.

ಇಲ್ಲಿ ಗಮನಿಸಬೇಕಾದದ್ದು: 1.375 ಎಂದು ಗುಣಿಸಿದಾಗಲೇ ವ್ಯಾಯಾಮ ಲೆಕ್ಕದೊಳಗೆ ಬಂದಾಯಿತು. ಆಮೇಲೆ ನಡೆದಾಡಿದ ಕ್ಯಾಲೊರಿಯನ್ನು ಮತ್ತೆ ಊಟಕ್ಕೆ ಸೇರಿಸಿಕೊಂಡರೆ ಒಂದೇ ಖರ್ಚನ್ನು ಎರಡು ಸಲ ಬರೆದಂತೆ. ಇನ್ನೊಂದು ತಪ್ಪೂ ಇದರ ಜೊತೆಗೇ ಬರುತ್ತದೆ. ಗಂಟೆಗೆ 5 ಕಿ.ಮೀ. ವೇಗದ ನಡಿಗೆಗೆ ಸುಮಾರು 3.5 ಮೆಟ್ (MET). ಸುಮ್ಮನೆ ಕೂತಾಗಿನ ಖರ್ಚಿನ ಎಷ್ಟು ಪಟ್ಟು ಎಂದು ಹೇಳುವ ಅಳತೆ ಅದು; 1 ಮೆಟ್ ಎಂದರೆ ತೂಕದ ಪ್ರತಿ ಕೆಜಿಗೆ ಗಂಟೆಗೆ ಸುಮಾರು 1 ಕ್ಯಾಲೊರಿ. ಇದನ್ನು ತೂಕದಿಂದಲೂ ಗಂಟೆಯಿಂದಲೂ ಗುಣಿಸಿದರೆ ಮುಕ್ಕಾಲು ಗಂಟೆಗೆ 205 ಕ್ಯಾಲೊರಿ ಸಿಗುತ್ತದೆ. ಆದರೆ ಅದೇ ಹೊತ್ತು ಕುರ್ಚಿಯಲ್ಲಿ ಕೂತಿದ್ದರೂ ಸುಮಾರು 1 ಮೆಟ್ ಖರ್ಚಾಗುತ್ತಿತ್ತು. ಅದನ್ನು ಕಳೆದರೆ ನಡಿಗೆಯಿಂದ ನಿಜವಾಗಿ ಹೆಚ್ಚಾದದ್ದು 146 ಮಾತ್ರ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಇದೆ. ವ್ಯಾಯಾಮ ಮುಗಿಸಿ ‘ಇವತ್ತು ಸ್ವಲ್ಪ ಜಾಸ್ತಿ ತಿಂದರೆ ಪರವಾಗಿಲ್ಲ’ ಅನ್ನುವ ಮಾತು ಎಷ್ಟು ದುಬಾರಿ ಎಂದು ಇದರಿಂದಲೇ ತಿಳಿಯುತ್ತದೆ.

ಊಟ ಅಳೆಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಬಟ್ಟಲು, ಸೌಟಿನ ಅಂದಾಜು ನಡೆಯುವುದಿಲ್ಲ. ಧಾನ್ಯವನ್ನು ಬೇಯಿಸುವ ಮೊದಲೇ ತೂಗಿ. ಒಣ ಧಾನ್ಯ 100 ಗ್ರಾಂಗೆ ಸುಮಾರು 350 ಕ್ಯಾಲೊರಿ. ಬೆಂದ ಮೇಲೆ ನೀರು ಹೀರಿ ತೂಕ ಎರಡೂವರೆ ಮೂರು ಪಟ್ಟಾಗುತ್ತದೆ, ಕ್ಯಾಲೊರಿ ಮಾತ್ರ ಅಷ್ಟೇ ಇರುತ್ತದೆ. ಬೆಂದದ್ದನ್ನು ತೂಗಿ ಒಣ ಧಾನ್ಯದ ಅಂಕಿ ಹಾಕಿದರೆ ಲೆಕ್ಕ ತಲೆಕೆಳಗು. ಎಣ್ಣೆಯ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಸುರಿದು, ಮತ್ತೆ ಇಡುತ್ತೇನೆ. ಎಷ್ಟು ಗ್ರಾಂ ಇಳಿಯಿತೋ ಅದನ್ನು 9ರಿಂದ ಗುಣಿಸಿದರೆ ಆಯಿತು. ಪಾತ್ರೆ ತುಂಬ ಅಡುಗೆ ಮಾಡುವಾಗ ಒಟ್ಟು ಕ್ಯಾಲೊರಿಯನ್ನು ಅಡುಗೆಯ ಒಟ್ಟು ತೂಕದಿಂದ ಭಾಗಿಸಿ ಪ್ರತಿ ಗ್ರಾಂಗೆ ಎಷ್ಟು ಎಂದು ಬರೆದಿಡುತ್ತೇನೆ. ಸೊಪ್ಪು, ಸೌತೆಕಾಯಿ ತೂಗುವ ಗೋಜಿಗೆ ಹೋಗುವುದಿಲ್ಲ. ಲೆಕ್ಕ ಹಾಳಾಗುವುದು ಎಣ್ಣೆ, ಬೀಜಗಳು, ಸಕ್ಕರೆ ಹಾಕಿದ ಪಾನೀಯ, ಅಡುಗೆ ಮಾಡುತ್ತ ಬಾಯಿಗೆ ಹಾಕಿಕೊಂಡದ್ದು, ಇಷ್ಟರಲ್ಲೇ.

ಪ್ರೋಟೀನ್ ಮಾತ್ರ ಕಡಿಮೆ ಮಾಡುವುದಿಲ್ಲ. ತೂಕದ ಪ್ರತಿ ಕೆಜಿಗೆ 1.2ರಿಂದ 1.6 ಗ್ರಾಂ, ಮೂರು ಹೊತ್ತಿಗೆ ಹಂಚಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಅಂಕಿ ಹೊಂದುವುದಿಲ್ಲ, ಅವರು ವೈದ್ಯರನ್ನೇ ಕೇಳಬೇಕು.

ತೂಕ ನೋಡುವುದು ದಿನಾ ಬೆಳಿಗ್ಗೆ, ಶೌಚ ಮುಗಿಸಿ, ಏನೂ ತಿನ್ನುವ ಮುನ್ನ. ಆದರೆ ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಏಳು ದಿನದ ಸರಾಸರಿ ತೆಗೆಯಿರಿ. ಮೊದಲ ವಾರ ಸರ್ರನೆ ಇಳಿಯುವುದು ಹೆಚ್ಚಾಗಿ ನೀರು: ದೇಹ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೊಜೆನ್ ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ, ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಹೊಸದಾಗಿ ಭಾರ ಎತ್ತಲು ಶುರು ಮಾಡಿದಾಗ, ಉಪ್ಪು ಜಾಸ್ತಿಯಾದಾಗ, ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ನಿಂತು ತೂಕ ಏರಬಹುದು. ಮುಟ್ಟಾಗುವವರು ಒಂದು ತಿಂಗಳ ವಾರವನ್ನು ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸುವುದೇ ಸರಿ.

ಈಗ ಸೂತ್ರವನ್ನು ಬದಿಗಿಡುವ ಸಮಯ. ಮೇಲಿನ ಉದಾಹರಣೆಯಲ್ಲೇ, ಎರಡನೇ ವಾರದ ಸರಾಸರಿಗೂ ಐದನೇ ವಾರದ ಸರಾಸರಿಗೂ 0.6 ಕೆಜಿ ವ್ಯತ್ಯಾಸ ಬಂತು ಎನ್ನೋಣ. 0.6ನ್ನು 7,700ರಿಂದ ಗುಣಿಸಿದರೆ 4,620; ನಡುವಿನ 21 ದಿನಕ್ಕೆ ಹಂಚಿದರೆ ದಿನಕ್ಕೆ 220ರ ಕೊರತೆ. ತಿಂದದ್ದು 1,600 ಆದ್ದರಿಂದ ನಿಜವಾದ ಖರ್ಚು 1,820. ಸೂತ್ರ ಹೇಳಿದ 1,990 ಅಲ್ಲ. ಅಳತೆಯಲ್ಲಿ ಎಲ್ಲೋ ಸ್ವಲ್ಪ ಸೋರುತ್ತಿದ್ದರೂ ಅದು ಈ ಅಂಕಿಯಲ್ಲೇ ಸೇರಿಹೋಗಿರುತ್ತದೆ. ಹಾಗಾಗಿ ಯಾವ ಆ್ಯಪ್‌ಗಿಂತಲೂ ನಾನು ಇದನ್ನೇ ನಂಬುವುದು. ಕೊರತೆ ಮತ್ತೆ 400 ಆಗಬೇಕೆಂದರೆ ಊಟವನ್ನು 1,500ಕ್ಕೆ ಇಳಿಸಿ, ದಿನದ ನಡಿಗೆಗೆ 25 ನಿಮಿಷ ಸೇರಿಸಿದರೆ ಸಾಕು. ಆ ನಡಿಗೆಯಿಂದ ಸುಮಾರು 80 ಸಿಗುತ್ತದೆ. ವೈದ್ಯರ ನಿಗಾ ಇಲ್ಲದೆ ಹೆಂಗಸರು 1,200, ಗಂಡಸರು 1,500ಕ್ಕಿಂತ ಕೆಳಗೆ ಹೋಗಬಾರದು. ತೀರಾ ವೇಗವಾಗಿ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚು.

ವ್ಯಾಯಾಮದಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಎರಡು ಮೂರು ದಿನ ಭಾರದ ವ್ಯಾಯಾಮ. ಕೂತೇಳುವುದು, ತಳ್ಳುವುದು, ಎಳೆಯುವುದು, ಸೊಂಟ ಬಗ್ಗಿಸಿ ಎತ್ತುವುದು, ಈ ನಾಲ್ಕು ಚಲನೆ ಸಾಕು. ಒಂದೊಂದೂ 8ರಿಂದ 12 ಸಲದಂತೆ ಮೂರು ಸೆಟ್, ಇನ್ನೆರಡು ಸಲ ಆಗುತ್ತದೆ ಅನ್ನುವಾಗ ನಿಲ್ಲಿಸಬೇಕು. ಎತ್ತುವ ಭಾರವನ್ನು ಬರೆದಿಡಿ. ನಿದ್ದೆ ಸರಿಯಿದ್ದೂ ಎರಡು ವಾರ ಸತತ ಬಲ ಕುಗ್ಗುತ್ತಿದ್ದರೆ ಕೊರತೆ ಹೆಚ್ಚಾಗಿದೆ ಎಂದರ್ಥ, ಊಟಕ್ಕೆ 150 ಸೇರಿಸುವುದು ಒಳ್ಳೆಯದು.

ಬೆವರು ಸುರಿಸುವ ವ್ಯಾಯಾಮ ಜಾಸ್ತಿ ಮಾಡಿದ ದಿನ ಉಳಿದ ಹೊತ್ತೆಲ್ಲ ಕೂತೇ ಕಳೆಯುವುದು ಸಾಮಾನ್ಯ, ಗೊತ್ತಿಲ್ಲದೆ ಆಗುತ್ತದೆ. ಗಳಿಸಿದ್ದರ ಒಂದು ಪಾಲು ಅಲ್ಲೇ ಹೋಯಿತು. ಅದಕ್ಕೇ ದಿನದ ಒಟ್ಟು ಹೆಜ್ಜೆ ನೋಡುತ್ತೇನೆ. ವಾಚ್ ನನಗೆ ಉಪಯೋಗಕ್ಕೆ ಬರುವುದು ಇದೊಂದಕ್ಕೆ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರಲ್ಲಿ ಡೋಸ್ ಮಾತಾಡಿಕೊಳ್ಳಬೇಕು, ಸಕ್ಕರೆ ದಿಢೀರನೆ ಇಳಿಯಬಹುದು. ಬಸುರಿ-ಬಾಣಂತಿಯರು, ಬೆಳೆಯುವ ಮಕ್ಕಳು, ಹಿಂದೆ ಊಟ ಬಿಡುವ ಕಾಯಿಲೆ ಇದ್ದವರು ಈ ಲೆಕ್ಕಕ್ಕೆ ಇಳಿಯಲೇಬಾರದು.

ಪ್ರತಿ 4–5 ಕೆಜಿ ಇಳಿದಾಗ 21 ದಿನದ ಲೆಕ್ಕವನ್ನು ಮತ್ತೆ ಹಾಕಬೇಕು, ಹಗುರವಾದ ದೇಹಕ್ಕೆ ಖರ್ಚೂ ಕಡಿಮೆ. ಗುರಿ ಮುಟ್ಟಿದ ಮೇಲೆ ವಾರಕ್ಕೆ 100ರಂತೆ ಊಟ ಏರಿಸುತ್ತ ಬಂದು, ಸರಾಸರಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ನಿಲ್ಲಿಸುವುದು. ಗ್ಲೈಕೊಜೆನ್ ತುಂಬಿಕೊಳ್ಳುವಾಗ ಒಂದು ಕೆಜಿಯಷ್ಟು ಏರಿದರೆ ಅದು ಕೊಬ್ಬಲ್ಲ. ಎರಡು ವಾರ ಕಾದು ನೋಡಿ ಆಮೇಲೆ ತೀರ್ಮಾನಿಸಿ.