ಹಳೇ ಕಾರ್ಡಿಗೆ ಡ್ರೈವರ್: ಡಬ್ಬದ ಮೇಲಿನ ಹೆಸರು ನಂಬಬೇಡಿ

ಹಳೇ ಡೆಸ್ಕ್‌ಟಾಪ್‌ಗೆ ಹೊಸದಾಗಿ ವಿಂಡೋಸ್ ಹಾಕಿದ್ದೀರಿ. ಪರದೆ ಬಂತು, ಮೌಸ್ ಓಡಾಡಿತು, ಇಂಟರ್ನೆಟ್ ಮಾತ್ರ ಇಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದರೆ ‘ಅದರ್ ಡಿವೈಸಸ್’ ಅಡಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲು, ಪಕ್ಕದಲ್ಲೊಂದು ಹಳದಿ ತ್ರಿಕೋನ. ಒಳಗೆ ಇಂಟರ್ನೆಟ್ ಜೋಡಿಸುವ ನೆಟ್‌ವರ್ಕ್ ಕಾರ್ಡ್ ಕೂತಿರುವುದು ವಿಂಡೋಸ್‌ಗೆ ಕಾಣುತ್ತಿದೆ, ಅದರ ಭಾಷೆ ಬರುತ್ತಿಲ್ಲ. ನಡುವೆ ನಿಲ್ಲಬೇಕಾದ ದುಭಾಷಿಯೇ ಡ್ರೈವರ್.

ಒಮ್ಮೆ ನಾನು ಹಳೇ ವೈಫೈ ಕಾರ್ಡೊಂದಕ್ಕೆ, ಡಬ್ಬದ ಮೇಲಿದ್ದ ಮಾಡೆಲ್ ನಂಬರ್ ನೋಡಿ ಡ್ರೈವರ್ ಇಳಿಸಿಕೊಂಡೆ. ಮೂರು ಸಲ ಹಾಕಿದೆ. ಮೂರು ಸಲವೂ ‘ಯಶಸ್ವಿ’ ಎಂದಿತು, ತ್ರಿಕೋನ ಕದಲಲಿಲ್ಲ. ಅದೇ ಮಾಡೆಲ್‌ನ ಎರಡನೇ ಆವೃತ್ತಿ ತರುವಾಗ ತಯಾರಕರು ಒಳಗಿನ ಚಿಪ್ಪನ್ನೇ ಬದಲಿಸಿದ್ದರೆಂದು ಗೊತ್ತಾಗುವಷ್ಟರಲ್ಲಿ ಸಂಜೆ ಮುಗಿದಿತ್ತು. ಡ್ರೈವರ್ ಬೇಕಿರುವುದು ಚಿಪ್ಪಿಗೆ, ಡಬ್ಬಕ್ಕಲ್ಲ.

ಮೊದಲು ಚಿಪ್ಪಿನ ಗುರುತು

ತ್ರಿಕೋನವಿರುವ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ಗೆ ಹೋಗಿ. ‘ಡೀಟೇಲ್ಸ್’ ಟ್ಯಾಬ್‌ನ ಪಟ್ಟಿಯಲ್ಲಿ ‘ಹಾರ್ಡ್‌ವೇರ್ ಐಡೀಸ್’ ಆರಿಸಿದರೆ ಉದ್ದನೆಯ ಸಾಲುಗಳು ಕಾಣುತ್ತವೆ. ಗಾಬರಿ ಬೇಡ, ನಮಗೆ ಬೇಕಿರುವುದು ಎರಡೇ ತುಂಡು. ‘ವೆನ್’ ಎಂಬುದರ ಮುಂದಿನ ನಾಲ್ಕು ಅಂಕಿ-ಅಕ್ಷರ ಚಿಪ್ ತಯಾರಿಸಿದವರ ಗುರುತು. ‘ಡೆವ್’ ಮುಂದಿನ ನಾಲ್ಕು ಆ ಚಿಪ್ಪಿನದೇ ಗುರುತು. 8086 ಎಂದಿದ್ದರೆ ಇಂಟೆಲ್. 1978ರಲ್ಲಿ ಬಂದ ತನ್ನ ಹೆಸರಾಂತ ಪ್ರೊಸೆಸರ್‌ನ ಸಂಖ್ಯೆಯನ್ನೇ ಕಂಪನಿ ಇಲ್ಲೂ ಇಟ್ಟುಕೊಂಡಿದೆ. 10ಇಸಿ ಎಂದಿದ್ದರೆ ರಿಯಲ್‌ಟೆಕ್. ಅದರ ಜೊತೆ 8139 ಇದ್ದರೆ ಹಳೇ ಕಂಪ್ಯೂಟರುಗಳಲ್ಲಿ ಎಲ್ಲೆಲ್ಲೂ ಸಿಗುತ್ತಿದ್ದ ನೆಟ್‌ವರ್ಕ್ ಚಿಪ್. ಸಾಲನ್ನು ಪೂರ್ತಿ ಕಾಪಿ ಮಾಡಿ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ಇನ್ನೊಂದನ್ನೂ ನೋಡಿಕೊಳ್ಳಿ: ನಿಮ್ಮ ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ? ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋದರೆ ‘ಸಿಸ್ಟಮ್ ಟೈಪ್’ ಸಾಲಿನಲ್ಲಿದೆ. ಅಲ್ಲಿ ಪ್ರೊಸೆಸರ್ 64 ಬಿಟ್ ಎಂದೂ ಬರೆದಿರಬಹುದು, ಅದನ್ನು ನೋಡಿ ಮೋಸಹೋಗಬೇಡಿ. ಲೆಕ್ಕಕ್ಕೆ ಬರುವುದು ಆಪರೇಟಿಂಗ್ ಸಿಸ್ಟಮ್‌ನ ಮಾತು. 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಎಷ್ಟು ಗೋಗರೆದರೂ ಓಡುವುದಿಲ್ಲ.

ಎಲ್ಲಿಂದ ತರುವುದು?

ನೆಟ್‌ವರ್ಕ್ ಕಾರ್ಡಿನ ವಿಷಯದಲ್ಲಿ ಇದು ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುವ ಕಥೆ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತರುವುದು ಒಂದು ದಾರಿ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡುವುದು ಇನ್ನೂ ಸುಲಭ. ವಿಂಡೋಸ್ 10ರಲ್ಲಿ ಸಾಮಾನ್ಯವಾಗಿ ಬೇರೇನೂ ಹಾಕದೆ ಫೋನಿನ ಇಂಟರ್ನೆಟ್ ಬರುತ್ತದೆ.

ಮೊದಲು ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ತಯಾರಕರ ತಾಣ, ಆಮೇಲೆ ಚಿಪ್ ತಯಾರಕರದು. ಎರಡೂ ಕಡೆ ಹಳೆಯದನ್ನು ತೆಗೆದುಹಾಕಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಲ್ಲಿ ಆ ‘ವೆನ್’, ‘ಡೆವ್’ ಭಾಗವನ್ನೇ ಹಾಕಿ ಹುಡುಕಿ. ‘ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್’ ಎಂದು ಕರೆಯುವ ತಂತ್ರಾಂಶಗಳ ಸಹವಾಸ ನನಗಂತೂ ಬೇಡ. ಡ್ರೈವರ್‌ಗೆ ಸಿಗುವಷ್ಟು ಅಧಿಕಾರ ಸಾಮಾನ್ಯ ಆ್ಯಪ್‌ಗೆ ಸಿಗುವುದಿಲ್ಲ, ಅದನ್ನು ಗುರುತಿಲ್ಲದವರ ಕೈಗೆ ಕೊಡಬಾರದು.

ನಿಮ್ಮ ಆವೃತ್ತಿಯ ಡ್ರೈವರೇ ಇಲ್ಲವೇ? ವಿಂಡೋಸ್ 7 ಅಥವಾ 8ಕ್ಕೆ ಮಾಡಿದ್ದು ಎಷ್ಟೋ ಸಲ 10ರಲ್ಲೂ ನಡೆದುಬಿಡುತ್ತದೆ. ಎಕ್ಸ್‌ಪಿ ಕಾಲದ್ದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಹಾಕುವ ಕೆಲಸ

ಹಾಕುವ ಮುನ್ನ, ಎಡವಟ್ಟಾದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಒಂದನ್ನು ಮಾಡಿಟ್ಟುಕೊಳ್ಳಿ. ಸೆಟಪ್ ಫೈಲ್ ಇದ್ದರೆ ಓಡಿಸಿದರಾಯಿತು. ಝಿಪ್ ಅಥವಾ ಕ್ಯಾಬ್ ಫೈಲಾದರೆ ಒಂದು ಫೋಲ್ಡರಿಗೆ ಬಿಚ್ಚಿಕೊಳ್ಳಿ. ಒಳಗೆ ‘ಐಎನ್‌ಎಫ್’ ಎಂದು ಕೊನೆಯಾಗುವ ಫೈಲ್ ಇರುತ್ತದೆ. ಅದು ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ನೀವು ಬರೆದಿಟ್ಟುಕೊಂಡ ‘ಡೆವ್’ ಸಂಖ್ಯೆಯನ್ನು ಅಲ್ಲಿ ಹುಡುಕಿ. ‘ವೆನ್’ ಸಮೇತ ಸಿಕ್ಕರೆ ಈ ಡ್ರೈವರ್‌ಗೆ ನಿಮ್ಮ ಚಿಪ್ ಗೊತ್ತು. ಸಿಗದಿದ್ದರೆ ಹಾಕುವ ಶ್ರಮವೇ ಬೇಡ. ಈ ಅರ್ಧ ನಿಮಿಷದ ಪರೀಕ್ಷೆ ನನಗೆ ಆಗ ತಿಳಿದಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಮತ್ತೆ ಡಿವೈಸ್ ಮ್ಯಾನೇಜರ್. ಆ ಸಾಲಿನ ಮೇಲೆ ರೈಟ್ ಕ್ಲಿಕ್, ‘ಅಪ್‌ಡೇಟ್ ಡ್ರೈವರ್’, ಕಂಪ್ಯೂಟರಿನಲ್ಲೇ ಹುಡುಕುವ ಎರಡನೇ ಆಯ್ಕೆ, ಬಿಚ್ಚಿದ ಫೋಲ್ಡರನ್ನು ತೋರಿಸಿ ‘ನೆಕ್ಸ್ಟ್’. ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ.

ಆದರೂ ತ್ರಿಕೋನ ಹೋಗದಿದ್ದರೆ ‘ಪ್ರಾಪರ್ಟೀಸ್’ನಲ್ಲಿರುವ ಕೋಡ್ ಓದಿ. 28 ಎಂದರೆ ಡ್ರೈವರ್ ಇನ್ನೂ ಕೂತೇ ಇಲ್ಲ. 52 ಎಂದರೆ ಅದರ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. ಸಹಿ ಪರಿಶೀಲನೆಯನ್ನೇ ಆಫ್ ಮಾಡುವ ಉಪಾಯ ಹೇಳುವವರಿದ್ದಾರೆ, ಅದರ ಬದಲು ಸಹಿ ಇರುವ ಬೇರೆ ಆವೃತ್ತಿ ಹುಡುಕಿ. 10 ಎಂದರೆ ಡ್ರೈವರ್ ಇದೆ, ಸಾಧನ ಶುರುವಾಗುತ್ತಿಲ್ಲ. ಆಗ ಕಂಪ್ಯೂಟರ್ ಆಫ್ ಮಾಡಿ, ವಿದ್ಯುತ್ ತಂತಿ ಕಿತ್ತು, ಕ್ಯಾಬಿನೆಟ್‌ನ ಬರಿ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಕಳೆದುಕೊಂಡು, ಕಾರ್ಡನ್ನು ತೆಗೆದು ಬೇರೆ ಸ್ಲಾಟಿನಲ್ಲಿ ಒತ್ತಿ ಕೂರಿಸಿ.

ಕಾರ್ಡೇ ಸತ್ತಿದೆಯೇ ಎಂಬ ಅನುಮಾನ ಬಂದರೆ ವಿಂಡೋಸ್ ಬದಲು ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮನ್ನು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ. ಹಳೇ ಕಾರ್ಡುಗಳ ಡ್ರೈವರ್‌ಗಳು ಬಹಳಷ್ಟು ಅದರ ತಿರುಳಾದ ಕರ್ನಲ್‌ನೊಂದಿಗೇ ಬರುತ್ತವೆ. ಅಲ್ಲಿ ಇಂಟರ್ನೆಟ್ ಬಂದರೆ ಕಾರ್ಡ್ ಗಟ್ಟಿಯಾಗಿದೆ, ವಿಂಡೋಸ್ ಕಡೆ ಹುಡುಕಾಟ ಮುಂದುವರಿಸಿ. ಲಿನಕ್ಸ್‌ನಲ್ಲಿ ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಎಂದು ಕೇಳಿದಾಗ ಬರುವ ಪಟ್ಟಿಯಲ್ಲಿ ಕಾರ್ಡಿನ ಹೆಸರೇ ಇಲ್ಲದಿದ್ದರೆ ಯಾವ ಡ್ರೈವರೂ ಅದನ್ನು ಎಬ್ಬಿಸುವುದಿಲ್ಲ.