ರೆಫರಿಯ ಮೇಲೆ ಕೈ ಮಾಡಿದರೆ: ಅಂದೇ ಮಾಡಬೇಕಾದ ಕೆಲಸಗಳು

ಹದಿನಾರು ವರ್ಷಗಳಿಂದ ಫುಟ್‌ಬಾಲ್ ಪಂದ್ಯಗಳಲ್ಲಿ ಸೀಟಿ ಊದುತ್ತಿದ್ದೇನೆ. ಒಮ್ಮೆ ಪೆನಾಲ್ಟಿ ಕೊಟ್ಟಿದ್ದಕ್ಕೆ ಆಟಗಾರನೊಬ್ಬ ನನ್ನ ಎದೆಗೆ ಗುದ್ದಿದ. ‘ಆಟದ ಆವೇಶ, ಬಿಟ್ಟುಬಿಡಿ’ ಎಂದರು ಸಂಘಟಕರು. ಬಿಟ್ಟೆ. ಆ ತಪ್ಪನ್ನು ನೀವು ಮಾಡಬೇಡಿ.

ಮೊದಲು ಆಟ ನಿಲ್ಲಿಸಿ. ಫುಟ್‌ಬಾಲ್‌ನ 5ನೇ ನಿಯಮ ಪಂದ್ಯವನ್ನು ತಡೆಹಿಡಿಯುವ, ಅರ್ಧಕ್ಕೇ ಕೈಬಿಡುವ ಅಧಿಕಾರವನ್ನು ನಿಮಗೇ ಕೊಟ್ಟಿದೆ. ಸುರಕ್ಷಿತ ಜಾಗ ಸೇರಿದ ಮೇಲೆ ಪೊಲೀಸರನ್ನು ಕರೆಯಿರಿ. ನೋವು ಸಣ್ಣದೆನಿಸಿದರೂ ಅಂದೇ ವೈದ್ಯರಿಗೆ ತೋರಿಸಿ, ಗಾಯದ ಲಿಖಿತ ದಾಖಲೆ ಪಡೆಯಿರಿ.

ವರದಿಯನ್ನು ಮಲಗುವ ಮೊದಲೇ ಬರೆಯಿರಿ. ‘ಕೆಟ್ಟದಾಗಿ ಬೈದ’ ಎಂದರೆ ಸಾಲದು. ಎಷ್ಟನೇ ನಿಮಿಷ, ಯಾವ ಸಂಖ್ಯೆಯ ಅಂಗಿ, ಆಡಿದ ಮಾತು ಯಥಾವತ್ತಾಗಿ, ಹತ್ತಿರದಲ್ಲಿ ಯಾರಿದ್ದರು, ಎಲ್ಲವೂ ಬೇಕು. ನನಗಂತೂ ಆ ಪದಗಳನ್ನು ಬರೆಯಲು ಕೈ ಬರುತ್ತಿರಲಿಲ್ಲ, ಆದರೂ ಬರೆಯಲೇಬೇಕು. ಮೊಬೈಲ್‌ಗೆ ಬಂದ ಬೆದರಿಕೆಗಳನ್ನು ಅಳಿಸಬೇಡಿ, ಉತ್ತರಿಸಲೂ ಬೇಡಿ. ದಿನಾಂಕ, ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಕ್ರೀಡಾ ಸಂಸ್ಥೆ ಆಟಗಾರನನ್ನು ನಿಷೇಧಿಸಿತೆಂದು ಪೊಲೀಸ್ ದೂರನ್ನು ಕೈಬಿಡಬೇಡಿ. ಅವೆರಡೂ ಬೇರೆ ಬೇರೆ ದಾರಿಗಳು. ಟರ್ಕಿಯಲ್ಲಿ 2023ರ ಡಿಸೆಂಬರ್‌ನಲ್ಲಿ ಕ್ಲಬ್ ಅಧ್ಯಕ್ಷರೊಬ್ಬರು ರೆಫರಿಗೆ ಗುದ್ದಿದಾಗ ಲೀಗ್‌ಗಳೇ ನಿಂತವು, ಅವರ ಬಂಧನವೂ ಆಯಿತು. ಫ್ರಾನ್ಸ್‌ನ 2006ರ ಕಾಯ್ದೆ ರೆಫರಿಗಳನ್ನು ಸಾರ್ವಜನಿಕ ಸೇವೆಯಲ್ಲಿರುವವರೆಂದು ಪರಿಗಣಿಸಿ, ಅವರ ಮೇಲಿನ ಹಲ್ಲೆಗೆ ಹೆಚ್ಚಿನ ಶಿಕ್ಷೆ ಇಟ್ಟಿದೆ. ಅಂಥ ವಿಶೇಷ ಕಾಯ್ದೆ ಇಲ್ಲದ ಕಡೆಯೂ ಹಲ್ಲೆ, ಬೆದರಿಕೆಯ ಸಾಮಾನ್ಯ ಕಾನೂನು ನಿಮ್ಮನ್ನು ಕಾಯುತ್ತದೆ. ನಿಮ್ಮಲ್ಲಿ ಯಾವುದಿದೆ ಎಂದು ವಕೀಲರನ್ನು ಕೇಳಿ.

ಮುಂದಿನ ಪಂದ್ಯ ಒಪ್ಪಿಕೊಳ್ಳುವ ಮುನ್ನ ಭದ್ರತೆ ಯಾರ ಹೊಣೆ, ವಿಮೆ ಇದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.